ಹಾಜರಿದ್ದವನ ತಪ್ಪು

ಅಮೃತಪ್ಪ ಆ ದಿನ ಕಾಲೇಜಿಗೆ ಹೊತ್ತಿಗೆ ಸರಿಯಾಗಿ ಬಂದದ್ದೇ ತಪ್ಪಾಯಿತು.

ಸೇಡಂನ ಹೊಸಬೆಳಕು ಮಹಾವಿದ್ಯಾಲಯದಲ್ಲಿ ಹೊತ್ತಿಗೆ ಸರಿಯಾಗಿ ಬರುವ ಕೆಟ್ಟ ಚಾಳಿ ಬೇರೆ ಯಾರಿಗೂ ಇರಲಿಲ್ಲ. ಗಂಟೆ ಹೊಡೆಯಬೇಕಾದ ಜವಾನ ಫಕೀರಸಾಬನೇ ಚಹಾ ಕುಡಿದು, ಎಲೆ ಹಾಕಿಕೊಂಡು ಬಂದ ಮೇಲೆ ಗಂಟೆ ಹೊಡೆಯುತ್ತಿದ್ದ. ಅವನು ಹೊಡೆದದ್ದೇ ಹೊತ್ತು. ಆದರೆ ಇತಿಹಾಸ ಕಲಿಸುವ ಅಮೃತಪ್ಪನ ಗತಿ ಬೇರೆ. ಅವನಿನ್ನೂ ಹಂಗಾಮಿ. ಅವನನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂಬುದನ್ನು ಕಾಲೇಜಿನ ಆಡಳಿತ ಮಂಡಳಿ ಆ ತಿಂಗಳು ತೀರ್ಮಾನಿಸಬೇಕಿತ್ತು. ಅವನ ಹೆಂಡತಿ ವಿಮಲಾಬಾಯಿಯೋ ತೀರ್ಮಾನಕ್ಕೆ ಕಾಯದೆ, "ನಮ್ಮವರು ಕಾಯಂ ಆದ್ರು" ಎಂದು ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ದಳು. ಹಂಚಿದ ಸಕ್ಕರೆಯನ್ನು ತಿರುಗಿ ಕೇಳಲಿಕ್ಕಾಗುತ್ತದೆಯೇ? ಹೀಗಾಗಿ ಅಮೃತಪ್ಪ ತನ್ನ ನೆರಳಿಗೂ ನಮಸ್ಕಾರ ಹಾಕುತ್ತ, ಎಲ್ಲರಿಗಿಂತ ಮುಂಚೆ ಬಂದು ಎಲ್ಲರ ಹಿಂದೆ ಮನೆಗೆ ಹೋಗುತ್ತಿದ್ದ.

ಆ ದಿನ ಮಾತ್ರ ಪ್ರಾಚಾರ್ಯ ದೇವೀಂದ್ರಪ್ಪನವರು ಅವನಿಗಿಂತ ಮುಂಚೆ ಬಂದು ವರಾಂಡದಲ್ಲಿ ನಿಂತಿದ್ದರು. ಕೊರಳಿಗೆ ಮಫ್ಲರು, ಕಾಲ ಬಳಿ ಹಾಸಿಗೆ ಸುರುಳಿ. ಅಮೃತಪ್ಪ ಬಗ್ಗಿ ನಮಸ್ಕಾರ ಹಾಕಿದ.

"ಬರ್ರಿ ಅಮೃತಪ್ಪ, ಬರ್ರಿ! ನಿಮ್ಮ ಹಾದೀನೇ ಕಾಯಾಕತ್ತಿದ್ದೆ. ನನಗ ಭಾಳ ಜ್ವರ ಬಂದಾವ. ಹೈದರಾಬಾದಿಗಿ ಹೋಗಿ ತೋರಿಸ್ಕೊಂಡು ಬರ್ತೀನಿ. ಇವತ್ತೊಂದಿನ ಚಾರ್ಜು ನಿಮ್ದು."

"ನನಗಿಂತ ಹಿರಿಯರು ಭಾಳ ಮಂದಿ ಅದಾರಲ್ರಿ ಸರ್..."

"ಎಲ್ಲಿ ಅದಾರ? ತೋರಸ್ರಿ ನೋಡಮು."

ಅಮೃತಪ್ಪ ಅಂಗಳ ನೋಡಿದ. ಬೇವಿನ ಗಿಡದ ಕೆಳಗೆ ಒಂದು ನಾಯಿ ಮಲಗಿತ್ತು, ಅಷ್ಟೇ. ಅವನು ತಿರುಗುವಷ್ಟರಲ್ಲಿ ಬೀಗದ ಕೈ ಗೊಂಚಲು ಅವನ ಅಂಗೈಯಲ್ಲಿತ್ತು. ಅಷ್ಟು ಜ್ವರ ಬಂದ ಮನುಷ್ಯ ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿ ಸ್ಟೇಷನ್ ಕಡೆ ಓಡಿದ್ದನ್ನು ಅವನು ಅದಕ್ಕೂ ಮುಂಚೆ ಎಂದೂ ನೋಡಿರಲಿಲ್ಲ.

ಆದರೂ ಮನುಷ್ಯನ ಮನಸ್ಸು ನೋಡಿ. ಒಳಗೆ ಹೋಗಿ ಪ್ರಾಚಾರ್ಯರ ತಿರುಗುವ ಕುರ್ಚಿಯಲ್ಲಿ ಕೂತೊಡನೆ ಅವನಿಗೆ ಹಿತವೆನ್ನಿಸಿತು. ಮಂಡಳಿಯವರ ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆ ದಿನ ಎಲ್ಲಿ ಸಿಕ್ಕೀತು ಎಂದುಕೊಂಡು ಒಂದು ಸುತ್ತು ತಿರುಗಿದ. ಎರಡನೆಯ ಸುತ್ತು ಅರ್ಧವಾಗಿದ್ದಾಗ ಫಕೀರಸಾಬ ಚಹಾ ತಂದಿಟ್ಟು, ಬಕ್ರೀದಿನ ಮುಂಜಾನೆ ಆಡನ್ನು ನೋಡುವವರ ಹಾಗೆ ಅವನನ್ನು ನೋಡಿದ.

"ಕುಡೀರಿ ಸಾಹೇಬ್ರ. ಸಕ್ರಿ ಜಾಸ್ತಿ ಹಾಕ್ಸೀನಿ. ಇವತ್ತೊಂದಿನರ ಚೊಲೋ ಚಹಾ ಕುಡೀರಿ."

"ಯಾಕೋ ಫಕೀರಸಾಬ, ಹಿಂಗ್ಯಾಕ ಅಂತಿ?"

"ನಿಮಗ ಗೊತ್ತಿಲ್ಲೇನ್ರಿ? ನಿನ್ನಿ ತಾರು ಬಂದದ. ಇವತ್ತ ಯುನಿವರ್ಸಿಟಿಯವ್ರು ತಪಾಸಣಾ ಮಾಡ್ಲಾಕ ಬರಾಕತ್ತಾರ. ಪ್ರಯೋಗಶಾಲಾ ನೋಡ್ತಾರಂತ."

ಅಮೃತಪ್ಪ ಕಪ್ಪನ್ನು ಕೆಳಗಿಟ್ಟ. ಪ್ರಯೋಗಶಾಲೆಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಸುತ್ತಲಿನ ಹಳ್ಳಿಗಳ ಜನ ದೇಣಿಗೆ ಪಟ್ಟಿ ಎತ್ತಿ, ಶಹಾಬಾದ ಫರಸಿ ಕಲ್ಲು ಹಾಸಿ ಕಟ್ಟಿಸಿಕೊಟ್ಟ ಗಟ್ಟಿ ಕೋಣೆ ಅದು. ಸೋರುವುದಿಲ್ಲ, ಇಲಿ ಕೊರೆಯುವುದಿಲ್ಲ. ಇಂಥ ಕೋಣೆ ಹುಡುಗರಿಗೆ ಯಾಕೆ ಎಂದು ಮಂಡಳಿಯ ಅಧ್ಯಕ್ಷರಾದ ಮಲಕಾಜಪ್ಪ ಧಣಿ ಅಲ್ಲಿ ತಮ್ಮ ತೊಗರಿ ಚೀಲ ಒಟ್ಟಿಸಿದ್ದರು. ವಿಜ್ಞಾನದ ಹುಡುಗರು ಆಮ್ಲವನ್ನೂ ಕ್ಷಾರವನ್ನೂ ಕರಿಹಲಗೆಯ ಮೇಲೆ ನೋಡಿ ತೃಪ್ತರಾಗುತ್ತಿದ್ದರು.

"ಹೋದ ಸಲ ಗ್ರಂಥಾಲಯದ ತಕರಾರು ಬಂದಾಗ ಶರಣಯ್ಯ ಮಾಸ್ತರರು ಚಾರ್ಜಿನ್ಯಾಗ ಇದ್ರು," ಎಂದು ಫಕೀರಸಾಬ ಅಕ್ಕರೆಯಿಂದ ಹೇಳಿದ. "ಅವರ ತಪ್ಪು ಏನೂ ಇರಲಿಲ್ಲ, ಪಾಪ. ಈಗ ಕುಂಚಾವರಂ ಅಡವ್ಯಾಗ ಬೀಡಿ ಎಲಿ ಗುತ್ತೇದಾರನ ಹಂತ್ಯಾಕ ಕಟ್ಟು ಎಣಸಾಕತ್ತಾರ. ಚಹಾ ಆರ್ತದ, ಕುಡೀರಿ."

ಚಹಾ ಯಾರಿಗೆ ಬೇಕು! ಧೋತರದ ಚುಂಗು ಹಿಡಿದುಕೊಂಡು ಅಮೃತಪ್ಪ ಧಣಿಯ ಕಾಳಿನ ಅಡತಿ ಅಂಗಡಿಗೆ ಓಡಿದ.

ಮಲಕಾಜಪ್ಪ ಧಣಿ ಗಾದಿಯ ಮೇಲೆ ಒರಗಿ ಹೋಳಿಗೆ ತಿನ್ನುತ್ತಿದ್ದರು. ಅಮೃತಪ್ಪ ಬಾಗಿಲಲ್ಲೇ ಕೈಮುಗಿದ.

"ಧಣಿ, ತಪಾಸಣಾ ಬಂದದ್ರಿ. ಒಂದಿನದ ಮಟ್ಟಿಗರ ಚೀಲ ತೆಗಸ್ರಿ."

"ತೆಗದು ಎಲ್ಲಿ ಇಡ್ಲಿ? ರೇಟು ನೆಲಕ್ಕ ಬಿದ್ದದ. ರೇಟು ಏರೂ ತನಕ ಆ ತೊಗರಿ ಅಲ್ಲಾಡೂದಿಲ್ಲ. ನೀವು ಕಲತವ್ರು, ಏನರ ಹೇಳ್ರಿ. ಸಸ್ಯಶಾಸ್ತ್ರ ಅನ್ರಿ. ತೊಗರಿ ಸಸ್ಯ ಅಲ್ಲೇನು?"

"ಅವರು ಮಂಡಳಿಯವರನ್ನ ಕರೀರಿ ಅಂದ್ರ ಹ್ಯಾಂಗ್ರಿ?"

ಧಣಿ ಹೋಳಿಗೆ ಕೆಳಗಿಟ್ಟರು. ಕೈ ಎದೆಗೆ ಹೋಯಿತು. "ಯಪ್ಪಾ! ಎದಿ ಹಿಡೀತಲ್ಲೋ! ಜೀಪ ತರ್ರಿ! ಶಹಾಬಾದಿಗಿ ಮಗಳ ಮನಿಗಿ ಹೋಗ್ತೀನಿ, ಅಲ್ಲಿ ಡಾಕ್ಟರ ಚೊಲೋ ಅದಾನ. ಅಮೃತಪ್ಪ, ನಾ ಇವತ್ತ ಗೈರು. ಉಪಾಧ್ಯಕ್ಷರನ್ನ ಕೇಳ್ರಿ."

ಎದೆ ಹಿಡಿದ ಧಣಿ ಜೀಪು ಹತ್ತುವಾಗ ಎಲೆಡಬ್ಬಿ, ದಿಂಬು, ಉಳಿದ ಹೋಳಿಗೆ ಒಂದನ್ನೂ ಮರೆಯಲಿಲ್ಲ.

ಉಪಾಧ್ಯಕ್ಷರೆಂದರೆ ಫರಸಿ ಗಣಿಯ ಇಸಾಕ ಸಾಹೇಬರು. ಅವರ ಮನೆ ಬಾಗಿಲಲ್ಲಿ ಮುದುಕಿ ತಾಯಿ ಇಮಾಮ್‌ಬೀ ಕೂತು ಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದಳು.

"ಇಸಾಕ ಊರಾಗಿಲ್ಲಪಾ. ವಾಡಿಗಿ ಹೋಗ್ಯಾನ."

ಅಷ್ಟರಲ್ಲಿ ಒಳಗಿನಿಂದ ಯಾರೋ ಜೋರಾಗಿ ಸೀನಿದರು.

"ಒಳಗ ಯಾರ್ರೀ ಅಮ್ಮಾ?"

"ಆಡು ಕಟ್ಟೀವಪಾ."

"ಆಡು ಹಿಂಗ ಸೀನತದೇನ್ರಿ?"

ಮುದುಕಿ ಪೇಚಿಗೆ ಸಿಕ್ಕಿ ಒಳಗೆ ನೋಡಿದಳು. "ಸೀನತದ! ಥಂಡಿ ಆಗ್ಯದ!" ಎಂದು ಒಳಗಿನಿಂದ ಇಸಾಕ ಸಾಹೇಬರ ಕಂಠ ಗಟ್ಟಿಯಾಗಿ ಹೇಳಿತು. ಆಡೇ ಉತ್ತರ ಕೊಟ್ಟ ಮೇಲೆ ಅಮೃತಪ್ಪ ಇನ್ನೇನು ಕೇಳಿಯಾನು? ಮೆಣಸಿನಕಾಯಿ ಘಾಟಿಗೆ ತಾನೂ ಒಂದು ಸೀನು ಸೀನಿ ಬಸ್ ನಿಲ್ದಾಣದ ಕಡೆ ಓಡಿದ.

ಅಲ್ಲಿ ಕಾರ್ಯದರ್ಶಿ ಶೌಕತ ಅಲಿ ವಕೀಲರು ಕರಿಕೋಟು ಹಾಕಿಕೊಂಡು ಚಿತ್ತಾಪುರದ ಬಸ್ಸಿನ ಕಿಟಕಿಯಲ್ಲಿ ಕೂತಿದ್ದರು. ಅಮೃತಪ್ಪ ಕಿಟಕಿಯ ಸರಳು ಹಿಡಿದುಕೊಂಡ.

"ವಕೀಲ ಸಾಹೇಬ್ರ, ಧಣಿ ಇಲ್ಲ, ಇಸಾಕ ಸಾಹೇಬ್ರಿಲ್ಲ. ಮಂಡಳಿ ಪರವಾಗಿ ನೀವರ ಬರ್ರಿ. ನಿಮ್ಮ ಕಾಲು ಬೀಳ್ತೀನಿ."

"ಫಿಕರ್ ಮಾಡಬ್ಯಾಡ್ರಿ. ಎಲ್ಲಾದಕ್ಕೂ ನಿಯಮ ಅದ, ನಾನೇ ಬರದೀನಿ. ಅಧ್ಯಕ್ಷ ಗೈರು ಇದ್ರ ಉಪಾಧ್ಯಕ್ಷ. ಉಪಾಧ್ಯಕ್ಷ ಗೈರು ಇದ್ರ ಕಾರ್ಯದರ್ಶಿ. ಕಾರ್ಯದರ್ಶಿನೂ ಗೈರು ಇದ್ರ ಮಂಡಳಿಯ ಎಲ್ಲಾ ಅಧಿಕಾರ ಪ್ರಾಚಾರ್ಯಂದು."

"ಆದ್ರ ನೀವು ಹಾಜರಿದ್ದೀರಲ್ರಿ! ನನ್ನ ಮುಂದೇ ಕುಂತೀರಿ!"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಮುಂದೆ ಹೋಯಿತು. ಧೂಳಿನೊಳಗಿನಿಂದ ವಕೀಲರ ಕೈಯೂ ದನಿಯೂ ಹೊರಬಂದವು: "ಈಗ ಗೈರು!"

ಅಮೃತಪ್ಪ ರಸ್ತೆಯ ನಡುವೆ ನಿಂತು ತನ್ನನ್ನು ತಾನೇ ಮುಟ್ಟಿ ನೋಡಿಕೊಂಡ. ಮುಂಜಾನೆ ಹಂಗಾಮಿ ಮಾಸ್ತರನಾಗಿ ಮನೆ ಬಿಟ್ಟವನು ಮಧ್ಯಾಹ್ನದೊಳಗೆ ಪ್ರಾಚಾರ್ಯನೂ ಆಗಿದ್ದ, ಮಂಡಳಿಯೂ ಆಗಿದ್ದ. ಒಂದೇ ದಿನದಲ್ಲಿ ಇಷ್ಟು ಬಡ್ತಿ ಸಿಕ್ಕವರು ಇತಿಹಾಸದಲ್ಲಿ ಬಹಳ ಮಂದಿ ಇದ್ದರೂ, ಅವರಲ್ಲಿ ಹೆಚ್ಚಿನವರ ತಲೆ ಸಂಜೆಗೆ ಹೆಗಲ ಮೇಲೆ ಉಳಿದಿರಲಿಲ್ಲ ಎಂಬುದು ಅವನಿಗೆ ನೆನಪಾಯಿತು.

ಕಾಲೇಜಿಗೆ ಬಂದರೆ ತಪಾಸಣಾಧಿಕಾರಿ ಆಗಲೇ ಬಂದು ಕೂತಿದ್ದರು. ಡಾಕ್ಟರ್ ಹಸೀನಾಬೇಗಂ, ರಸಾಯನಶಾಸ್ತ್ರದವರು. ಸಣ್ಣ ಆಳು, ಬಿಳಿ ಸೀರೆ, ಮೆಲುದನಿ. ಗದ್ದರಿಸುವ ಗಂಡಸು ಬಂದಿದ್ದರೆ ಅಮೃತಪ್ಪ ಕಾಲಿಗಾದರೂ ಬಿದ್ದುಬಿಡುತ್ತಿದ್ದ. ಇವರು ಸಿಟ್ಟೇ ಮಾಡದೆ "ಆರಾಮ ಕುಂದ್ರಿ, ನೀರು ಕುಡೀರಿ" ಎಂದದ್ದು ಕೇಳಿ ಅವನು ಇನ್ನಷ್ಟು ಹೆದರಿದ.

"ಪ್ರಯೋಗಶಾಲಾ ತೋರಸ್ತೀರೇನು?"

ಅಮೃತಪ್ಪ ಗೊಂಚಲಿನ ಮೂರು ತಪ್ಪು ಕೀಲಿಕೈ ಹಾಕಿ ನೋಡಿದ. ಕೊನೆಗೆ ಫಕೀರಸಾಬನೇ ತೆಗೆದ. ಬಾಗಿಲು ತೆರೆದೊಡನೆ ಮೇಲಿನ ಚೀಲವೊಂದು ಬಾಯಿ ಬಿಚ್ಚಿ ತೊಗರಿ ಸುರ್ರೆಂದು ಮೇಡಂ ಚಪ್ಪಲಿಯ ತನಕ ಹರಿದು ಬಂತು.

"ಇದೇನು?" ಎಂದು ಮೇಡಂ ಮೆತ್ತಗೆ ಕೇಳಿದರು.

"ಸ... ಸಸ್ಯಶಾಸ್ತ್ರ ವಿಭಾಗ್ರಿ, ಮೇಡಂ."

"ರಸಾಯನಶಾಸ್ತ್ರ?"

ಅಮೃತಪ್ಪ ಹಿಂದೆ ತಿರುಗಿ ನೋಡಿದ. ಸಹಾಯಕ್ಕೆ ಫಕೀರಸಾಬ ಮುಂದೆ ಬಂದ. "ಅಗೋ ಅಲ್ಲಿ ಮೂಲ್ಯಾಗ ಅದ ನೋಡ್ರಿ, ಹುಳ ಸಾಯೂ ಪುಡಿ. ಭಾಳ ಕಡಕ್ ಅದ. ಮತ್ತ ಪ್ರಾಣಿಶಾಸ್ತ್ರ ನೋಡಬೇಕಂದ್ರ ಚೀಲ ಝಾಡಿಸ್ತೀನ್ರಿ, ನುಸಿ ಅದಾವ."

ಮೇಡಂ ನಗಲಿಲ್ಲ. ಬಗ್ಗಿ ಚಪ್ಪಲಿಯೊಳಗಿನ ತೊಗರಿ ಕಾಳು ತೆಗೆದು ಜಾಗ್ರತೆಯಾಗಿ ಚೀಲದ ಮೇಲಿಟ್ಟರು. "ಮಂಡಳಿಯವರನ್ನ ಕರೀರಿ," ಎಂದರು.

"ನಾನೇ ರೀ," ಎಂದ ಅಮೃತಪ್ಪ. ಅವನಿಗೆ ಅಳು ಬಂದಿತ್ತು.

ವಕೀಲರು ಹೇಳಿದ್ದ ನಿಯಮವನ್ನು ಅವನು ತೊದಲುತ್ತ ಒಪ್ಪಿಸಿದ. ಮೇಡಂ ನಿಯಮಾವಳಿಯ ಪುಸ್ತಕ ತರಿಸಿ ಓದಿ ನೋಡಿ ತಲೆಯಾಡಿಸಿದರು. "ಸರಿ ಅದ. ಈ ಜಿಲ್ಲಾದಾಗ ಭಾಳ ಕಾಲೇಜು ನೋಡೀನಿ. ಕರದಾಗ ಸಿಕ್ಕ ಮಂಡಳಿ ಅಂದ್ರ ನೀವು ಮೊದಲನೇದವ್ರು. ಹಂಗಾರ ಕೇಳ್ರಿ. ಮಕ್ಕಳ ಪ್ರಯೋಗಶಾಲಾದಾಗ ಚೀಲ ಯಾಕ ಬಂದಾವಂತ ಮಂಡಳಿ ಪ್ರಾಚಾರ್ಯರಿಗಿ ನೋಟಿಸ್ ಕೊಡಬೇಕು. ಪ್ರಾಚಾರ್ಯರು ಉತ್ತರ ಕೊಡಬೇಕು. ಸಂಜಿ ಗಾಡಿಗಿ ನಾ ಹೋಗೂದ್ರಾಗ ಮಂಡಳಿ ತೀರ್ಮಾನ ಮಾಡಬೇಕು. ಇಲ್ಲಂದ್ರ ಈ ವರ್ಷದಿಂದ ಕಾಲೇಜಿಗಿ ಮಾನ್ಯತಾ ಇಲ್ಲ."

"ಪ್ರಾಚಾರ್ಯನೂ ನಾನೇ ಅಲ್ರಿ ಮೇಡಂ?"

"ಹೌದು. ಅದಕ್ಕೇ ಜಲ್ದಿ ಆಗ್ತದ."

ಮುಂದೆ ನಡೆದದ್ದನ್ನು ಫಕೀರಸಾಬ ಈಗಲೂ ಚಹಾ ಅಂಗಡಿಯಲ್ಲಿ ಅಭಿನಯಿಸಿ ತೋರಿಸುತ್ತಾನೆ. ಅಮೃತಪ್ಪ ಮೇಜಿನ ಆ ಕಡೆ ತಿರುಗುವ ಕುರ್ಚಿಯಲ್ಲಿ ಕೂತು, 'ನಿಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು?' ಎಂದು ಬರೆದು ಸಹಿ ಹಾಕಿದ. ಫಕೀರಸಾಬ ಅದನ್ನು ತಾಟಿನಲ್ಲಿಟ್ಟುಕೊಂಡು ಮೇಜು ಸುತ್ತಿ ಈ ಕಡೆಯ ಕಟ್ಟಿಗೆ ಕುರ್ಚಿಗೆ ತಂದ. ಅಷ್ಟರಲ್ಲಿ ಅಮೃತಪ್ಪನೂ ಮೇಜು ಸುತ್ತಿ ಬಂದು ಕೂತಿದ್ದ. ತಾನೇ ಬರೆದ ನೋಟಿಸನ್ನು ಓದಿ ಅವನಿಗೆ ಬೆವರು ಕಿತ್ತುಕೊಂಡು ಬಂತು. ಅಷ್ಟು ಕಠೋರವಾಗಿ ಅವನಿಗೆ ಅದುವರೆಗೆ ಯಾರೂ ಬರೆದಿರಲಿಲ್ಲ.

"ಸಾಹೇಬ್ರ, ಮಂಡಳಿ ಭಾಳ ಸಿಟ್ಟಿನ್ಯಾಗ ಇದ್ದಂಗ ಕಾಣತದ," ಎಂದು ಫಕೀರಸಾಬ ಕಿವಿಯಲ್ಲಿ ಹೇಳಿದ. "ಕೈಕಾಲು ಹಿಡಕೊಳ್ರಿ."

ಅಮೃತಪ್ಪ ಹಿಡಿದುಕೊಳ್ಳುವ ಹಾಗೆಯೇ ಉತ್ತರ ಬರೆದ. 'ಚೀಲಗಳು ಅಧ್ಯಕ್ಷರವು. ನಾನು ಮಕ್ಕಳೊಂದಿಗ. ಈ ದಿನ ಮುಂಜಾನೆಯಷ್ಟೇ ಚಾರ್ಜು ತೆಗೆದುಕೊಂಡಿದ್ದೇನೆ. ದಯೆ ಇರಲಿ.' ಮಕ್ಕಳಿನ್ನೂ ಆಗಿರಲಿಲ್ಲ. ಹೆದರಿದವನ ಲೇಖನಿ ಎಲ್ಲಿ ನಿಲ್ಲುತ್ತದೆ?

ತಾಟು ಮತ್ತೆ ಮೇಜು ಸುತ್ತಿತು. ಅಮೃತಪ್ಪ ತಿರುಗುವ ಕುರ್ಚಿಗೆ ಹೋಗಿ ತನ್ನ ಉತ್ತರ ತಾನೇ ಓದಿದ. ಓದುತ್ತ ಓದುತ್ತ ಅವನಿಗೆ ಆ ಬಡಪಾಯಿಯ ಮೇಲೆ ಕನಿಕರ ಬಂತು. ಕಣ್ಣಲ್ಲಿ ನೀರು ಬಂತು. ಎಂಥ ಅನ್ಯಾಯ! ತಿಂದವರು ಯಾರೋ, ಬಾಯಿ ಒರೆಸಿದ್ದು ಯಾರಿಗೋ! ಜೀವಮಾನದಲ್ಲಿ ಮೊದಲ ಸಲ ಅವನಿಗೆ ಧಣಿಯ ಮೇಲೆ ಸಿಟ್ಟು ಬಂತು. ಅಂದ ಹಾಗೆ, ತಾನೀಗ ಮಂಡಳಿಯಲ್ಲವೇ? ತನ್ನನ್ನು ಕೇಳುವವರು ಯಾರಿದ್ದಾರೆ? ಲೇಖನಿ ಎತ್ತಿಕೊಂಡ. ಬರೆದೇಬಿಟ್ಟ.

'ಒಂದು: ಚೀಲಗಳು ಅಧ್ಯಕ್ಷರವು, ಹೊಣೆಯೂ ಅವರದೇ. ಈ ದಿನವೇ ತೆರವು ಮಾಡತಕ್ಕದ್ದು. ಎರಡು: ಪ್ರಾಚಾರ್ಯ ನಿರ್ದೋಷಿ.' ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಓಣಿಗೆಲ್ಲ ಹಂಚಿದ ಸಕ್ಕರೆ ಅವನನ್ನು ಬಿಡಬೇಕಲ್ಲ. 'ಮೂರು: ಇತಿಹಾಸ ಉಪನ್ಯಾಸಕ ಅಮೃತಪ್ಪನವರನ್ನು ಈ ದಿನದಿಂದ ಕಾಯಂ ಮಾಡಲಾಗಿದೆ. ಸರ್ವಾನುಮತ.'

ಮೇಡಂ ಅದನ್ನು ಓದಿದರು. ಕನ್ನಡಕದ ಮೇಲಿಂದ ಅವನನ್ನು ಸ್ವಲ್ಪ ಹೊತ್ತು ನೋಡಿದರು. "ನಮಗ ಬೇಕಾದದ್ದು ಮೊದಲಿಂದು. ಅದು ಸರಿ ಅದ, ಮಾನ್ಯತಾ ಹೋಗೂದಿಲ್ಲ. ಉಳಿದದ್ದು ನಿಮ್ಮ ನಿಯಮ, ನಿಮ್ಮ ಮಂಡಳಿ," ಎಂದರು. ಅಮೃತಪ್ಪನಿಗೆ ಅದು ಆಶೀರ್ವಾದದ ಹಾಗೆ ಕೇಳಿಸಿತು. ಮೇಡಂ ಅವರನ್ನು ಸಂಜೆಯ ಗಾಡಿಗೆ ಹತ್ತಿಸಿ, ದಾರಿಯಲ್ಲಿ ವಿಮಲಾಬಾಯಿಗೆ ಮಲ್ಲಿಗೆ ಕೊಂಡು, ಕಾಲೇಜಿಗೆ ಬೀಗ ಹಾಕಲೆಂದು ಬಂದ.

ಪ್ರಾಚಾರ್ಯರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಮಲಕಾಜಪ್ಪ ಧಣಿ, ಇಸಾಕ ಸಾಹೇಬರು, ಶೌಕತ ಅಲಿ ವಕೀಲರು ಸಾಲಾಗಿ ಕೂತು ಮಿರ್ಚಿಭಜಿ ತಿನ್ನುತ್ತಿದ್ದರು. ತಿರುಗುವ ಕುರ್ಚಿಯಲ್ಲಿ ಪ್ರಾಚಾರ್ಯ ದೇವೀಂದ್ರಪ್ಪನವರು.

"ಸರ್, ಜ್ವರ?" ಎಂದ ಅಮೃತಪ್ಪ.

"ತಾಂಡೂರಕ್ಕ ಹೋಗೂದ್ರಾಗ ಬಿಟ್ಟವು."

ಧಣಿಯ ಮುಂದೆ ಅವನು ಬರೆದ ತೀರ್ಮಾನವಿತ್ತು. ಅಮೃತಪ್ಪ ಮಲ್ಲಿಗೆಯ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದುಕೊಂಡು ಕಣ್ಣು ಮುಚ್ಚಿದ. ಈಗ ಬೀಳುತ್ತದೆ ಏಟು ಎಂದು ಕಾದ. ಏಟು ಬೀಳಲಿಲ್ಲ. ಧಣಿ ನಗುತ್ತಿದ್ದರು.

"ಹೆದರಬ್ಯಾಡ್ರಿ ಅಮೃತಪ್ಪ. ಚೀಲ ನಂದಾವ ಅಂತ ಬರದೀರಿ, ಖರೇ ಅದ. ತೆಗೀರಿ ಅಂತ ಬರದೀರಿ, ತೆಗಸಾಕತ್ತೀನಿ. ಅಲ್ಲಿ ನೋಡ್ರಿ, ಲಾರಿ ನಿಂತದ. ಮಂಡಳಿ ಹುಕುಂ ಅಂದ ಮ್ಯಾಲ ಮಾತಿಲ್ಲ. ಮಧ್ಯಾಹ್ನದಿಂದ ರೇಟೂ ಏರ್ಯದ."

ಅಮೃತಪ್ಪನಿಗೆ ಹೋದ ಜೀವ ಬಂದಂತಾಯಿತು. "ಹಂಗಾರ ಮೂರನೇದೂ...?"

ಧಣಿ ವಕೀಲರ ಕಡೆ ನೋಡಿದರು. ವಕೀಲರು ಭಜಿಯ ಎಣ್ಣೆ ಒರೆಸಿಕೊಂಡು ನಿಯಮಾವಳಿ ತೆರೆದರು.

"ಮೂರನೇದು ಜರಾ ತ್ರಾಸ ಅದ್ರಿ. ಮಂಡಳಿಯ ಅಧಿಕಾರದಾಗ ಕುಂತವರು ತಮಗಾಗ್ಲಿ ತಮ್ಮ ಸಂಬಂಧಿಕರಿಗಾಗ್ಲಿ ಕಾಲೇಜಿನ್ಯಾಗ ನೌಕರಿ ಕೊಟ್ಟುಕೊಂಡ್ರ, ಆ ನೌಕರಿ ಆ ಕ್ಷಣಕ್ಕೇ ರದ್ದು. ಮತ್ತ ಅಂಥವರನ್ನ ಎಂದೂ ತಗೊಳ್ಳೂಹಂಗಿಲ್ಲ. ನೀವು ಸುಮ್ನಿದ್ದಿದ್ರ ನಾಳಿನ ಸಭಾದಾಗ ನಾವೇ ಕಾಯಂ ಮಾಡ್ತಿದ್ವಿ. ನೀವೇ ಮಾಡ್ಕೊಂಡ್ರಿ. ಸಹಿ ನಿಮ್ದೇ ಅದಲ್ರಿ?"

ಸಹಿ ಅವನದೇ ಇತ್ತು, ಎರಡು ಗೆರೆ ಎಳೆದು ಚುಕ್ಕೆ ಇಟ್ಟ ಚೆಂದದ ಸಹಿ. ಹೆದರಿಕೆ ತುದಿ ಮುಟ್ಟಿದರೆ ಕೆಲವು ಸಲ ಬಾಯಿ ಬರುತ್ತದೆ. ಅವನಿಗೂ ಬಂತು.

"ಇದು ಅನ್ಯಾಯ್ರಿ! ಧಣಿಯವರ ಅಳಿಯ ಲೈಬ್ರರಿಯಾಗ ಅದಾನ. ತಮ್ಮನ ಮಗ ಆಫೀಸಿನ್ಯಾಗ ಅದಾನ. ಇಸಾಕ ಸಾಹೇಬ್ರ ಸೋದರಳಿಯ ಡ್ರಿಲ್ ಮಾಸ್ತರ ಆಗ್ಯಾನ. ಅವರಿಗಿಲ್ಲದ ನಿಯಮ ನನಗ್ಯಾಕ್ರಿ?"

ಯಾರೂ ಸಿಟ್ಟಾಗಲಿಲ್ಲ. ಧಣಿ ಎದ್ದು ಬಂದು, ತಿಳಿಯದ ಮಗುವಿಗೆ ತಿಳಿಸುವ ಹಾಗೆ ಅವನ ಹೆಗಲ ಮೇಲೆ ಕೈಯಿಟ್ಟರು.

"ಅಳಿಯನ್ನ ತಗೊಂಡ ದಿನ ನಾ ಸಭಾದಾಗ ಇದ್ದಿಲ್ಲಪಾ. ತಮ್ಮನ ಮಗನ್ನ ತಗೊಂಡ ದಿನಾನೂ ಇದ್ದಿಲ್ಲ. ಇಸಾಕ ಸಾಹೇಬ್ರೂ ಹಂಗೇ. ನೀ ಹಾಜರಿದ್ದಿ."

ಅಮೃತಪ್ಪನ ಕೈಯಿಂದ ಪ್ರಾಚಾರ್ಯರು ಬೀಗದ ಕೈ ಗೊಂಚಲನ್ನು ಮೃದುವಾಗಿ ಬಿಡಿಸಿಕೊಂಡರು. ಮಲ್ಲಿಗೆ ಮಾತ್ರ ಅವನ ಬಳಿ ಉಳಿಯಿತು. ಅವನು ಹೊಸ್ತಿಲು ದಾಟುತ್ತಿದ್ದಾಗ ಹಿಂದೆ ಧಣಿ ಪ್ರಾಚಾರ್ಯರಿಗೆ ಹೇಳುವುದು ಕೇಳಿಸಿತು.

"ನಾಳಿ ಇತಿಹಾಸದ ಜಾಗಾ ತುಂಬೂ ಸಭಾ ಇಟ್ಟುಬಿಡ್ರಿ. ನನಗ ಬರ್ಲಾಕ ಆಗೂದಿಲ್ಲ. ನನ್ನ ತಂಗಿ ಮಗ ಅರ್ಜಿ ಹಾಕ್ಯಾನ."